ಗೂಬೆ ಕೂರಿಸುವುದಾದರೆ ಮೈಕಿನ ಮೇಲೆ ಬೇಡ

ಹಳೆಯ ಒಪೆರಾ (ಪಾಶ್ಚಾತ್ಯರ ಹಾಡುನಾಟಕ) ರೇಡಿಯೊ ಪ್ರಸಾರ ಯಾವುದನ್ನೇ ಹಂಚಿಕೊಳ್ಳಿ, ಕೆಳಗೆ ಒಂದು ಮಾತು ಬಂದೇ ಬರುತ್ತದೆ: "ಹಾಡಿಕೆ ಅದ್ಭುತ, ಆದರೆ ಆಗಿನ ಮೈಕ್‌ಗಳು ಸರಿಯಿರಲಿಲ್ಲವಲ್ಲ." ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಯಾರೋ ಅದೇ ಪ್ರಸಾರವನ್ನು ಎಐ ತಂತ್ರಾಂಶಕ್ಕೆ ಕೊಟ್ಟು, ಕರಕರ ಸದ್ದನ್ನೆಲ್ಲ ತೆಗೆಸಿ, "ನಿನ್ನೆ ರೆಕಾರ್ಡ್ ಮಾಡಿದ ಹಾಗಿದೆ" ಎಂದು ಅಪ್‌ಲೋಡ್ ಮಾಡುತ್ತಾರೆ. ಜನ ಮುಗಿಬಿದ್ದು ಮೆಚ್ಚುತ್ತಾರೆ.

ಇವೆರಡೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು ಅನ್ನುವುದು ನನ್ನ ವಾದ. ರೇಡಿಯೊದ ತೀರಾ ಮೊದಲ ವರ್ಷಗಳನ್ನು ಬಿಟ್ಟರೆ, 1920ರ ದಶಕದ ನಡುವಿನಿಂದ ಈಚೆಗೆ, ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಮುಂದೆ ಇದ್ದದ್ದೇ ಮೈಕ್. ಹಾಡು ಕೆಟ್ಟದ್ದು ಮೈಕ್ ದಾಟಿದ ಮೇಲೆ. ಇದು ಗೊತ್ತಿಲ್ಲದವರು ಆ ಧ್ವನಿಯನ್ನು "ಸರಿಪಡಿಸಲು" ಹೋದರೆ ಇರುವುದೂ ಹೋಗುತ್ತದೆ.

ಸ್ವಲ್ಪ ಉದ್ದ ಬರೆಯುತ್ತೇನೆ. ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು, ಮೈಕನ್ನು ನಿಜಕ್ಕೂ ದೂರಬಹುದಾದ ಕಾಲದ ಮಾತು. 1910ರ ಜನವರಿ 12 ಮತ್ತು 13ರಂದು ಲೀ ಡಿ ಫಾರೆಸ್ಟ್ ಎಂಬ ಸಂಶೋಧಕ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಿಂದ ನೇರ ಪ್ರಸಾರ ಮಾಡಿದ. ಮೊದಲ ದಿನ 'ತೋಸ್ಕಾ'ದ ಭಾಗಗಳು, ಮರುದಿನ 'ಕವಲೇರಿಯಾ ರುಸ್ತಿಕಾನಾ' ಮತ್ತು 'ಪಾಲ್ಯಾಚಿ'. ಹಾಡಿದವರಲ್ಲಿ ಆ ಕಾಲದ ಹೆಸರಾಂತ ಗಾಯಕ ಎನ್ರಿಕೊ ಕರೂಸೊ ಕೂಡ ಇದ್ದರು. ಏರಿಯಲ್ ತಂತಿಯನ್ನು ರಂಗಮಂದಿರದ ಛಾವಣಿಯ ಮೇಲೆ ಮೀನು ಹಿಡಿಯುವ ಬಿದಿರಿನ ಗಳಗಳಿಗೆ ಕಟ್ಟಿದ್ದರು. ಕೇಳಿದವರು ಬಂದರಿನ ಹಡಗುಗಳ ರೇಡಿಯೊ ಆಪರೇಟರ್‌ಗಳು, ಒಂದಷ್ಟು ಹವ್ಯಾಸಿಗಳು, ಆಹ್ವಾನದ ಮೇಲೆ ಬಂದು ಹೆಡ್‌ಫೋನ್ ಕಿವಿಗೆ ಹಚ್ಚಿದ್ದ ಪತ್ರಕರ್ತರು. ಅವರಿಗೆ ಸಿಕ್ಕಿದ್ದು ಗದ್ದಲದ ಮಧ್ಯೆ ಅಲ್ಲೊಂದು ಇಲ್ಲೊಂದು ಸ್ವರ.

ಆಗಿನದು ಕಾರ್ಬನ್ ಮೈಕ್. ಪುಟ್ಟ ಡಬ್ಬಿ, ಒಳಗೆ ಇದ್ದಿಲ ಹರಳು, ಎದುರಿಗೆ ತೆಳ್ಳನೆಯ ತಗಡು. ದನಿ ತಗಡನ್ನು ಒತ್ತಿದಾಗ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಕರೆಂಟ್ ಹೆಚ್ಚು ಹರಿಯುತ್ತದೆ, ಸಡಿಲವಾದಾಗ ಕಡಿಮೆಯಾಗುತ್ತದೆ. ಟೆಲಿಫೋನಿಗೆ ಹೇಳಿ ಮಾಡಿಸಿದ ವಸ್ತು, ಏಕೆಂದರೆ ಅಲ್ಲಿ ಬಾಯಿ ಅದರ ಪಕ್ಕದಲ್ಲೇ ಇರುತ್ತದೆ. ರಂಗದ ಮೇಲೆ ಇಟ್ಟು ಹತ್ತಾರು ಅಡಿ ದೂರದ ಗಾಯಕನನ್ನು ಹಿಡಿ ಅಂದರೆ ಕಷ್ಟ. ಹರಳುಗಳ ನಡುವೆ ಕರೆಂಟ್ ಹರಿಯುವುದಕ್ಕೇ ಒಂದು ಸುಯ್ ಅನ್ನುವ ಸದ್ದಿರುತ್ತದೆ, ಯಾರೂ ಹಾಡದಿದ್ದರೂ. ಹರಳು ಒತ್ತಿಕೊಂಡು ಕೂತರೆ ದನಿಯೇ ಮಂಕಾಗುತ್ತದೆ, ಬೆರಳಿನಿಂದ ತಟ್ಟಿ ಸಡಿಲಿಸಬೇಕು. ಏರುದನಿ ಬಂದರೆ ಒಡೆದು ಹೋಗುತ್ತದೆ. ಹಾಗಿದ್ದೂ ಪೂರ್ತಿ ಅಪವಾದ ಮೈಕಿಗೇ ಕೊಡುವಂತಿಲ್ಲ. ಡಿ ಫಾರೆಸ್ಟ್‌ನ ಟ್ರಾನ್ಸ್‌ಮಿಟರ್ ಆರ್ಕ್ ಬಗೆಯದು, ಸದಾ ಉರಿಯುವ ವಿದ್ಯುತ್ ಕಿಡಿಯಿಂದ ಅಲೆ ಹುಟ್ಟಿಸುವಂಥದ್ದು. ಅದರ ಸ್ವಂತ ಮೊರೆತವೇ ಸಾಕಷ್ಟಿತ್ತು.

ಮೈಕ್ ಎಲ್ಲಿಡಬೇಕು ಅನ್ನುವ ಪ್ರಶ್ನೆ ಮಾತ್ರ ರೇಡಿಯೊಗಿಂತ ಹಳೆಯದು. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬ ಎಂಜಿನಿಯರ್ ಒಪೆರಾ ರಂಗದ ಅಂಚಿನುದ್ದಕ್ಕೂ ಟೆಲಿಫೋನ್ ಮೈಕ್‌ಗಳನ್ನು ಸಾಲಾಗಿ ಇಟ್ಟು, ಕೇಳುಗರ ಎಡಗಿವಿಗೊಂದು ಬಲಗಿವಿಗೊಂದು ತಂತಿ ಎಳೆದಿದ್ದ. ಗಾಯಕ ರಂಗದ ಮೇಲೆ ಆ ಕಡೆಯಿಂದ ಈ ಕಡೆಗೆ ನಡೆದರೆ ಕಿವಿಗೆ ಗೊತ್ತಾಗುತ್ತಿತ್ತು. ಹೆಜ್ಜೆಯ ಧಡಧಡ ಮೈಕಿಗೆ ಏರಬಾರದೆಂದು ಅವನ್ನು ಸೀಸದ ಹಲಗೆಯ ಮೇಲೆ ಕೂರಿಸಿ, ಕೆಳಗೆ ರಬ್ಬರ್ ಕಾಲು ಕೊಟ್ಟಿದ್ದ. ಇವತ್ತು ನಾವು ಮೈಕ್ ಸ್ಟ್ಯಾಂಡಿಗೆ ರಬ್ಬರ್ ಹಾಕುವುದೂ ಅದೇ ಕಾರಣಕ್ಕೆ.

1920 ಎರಡು ಕಾರಣಕ್ಕೆ ನನಗೆ ಇಷ್ಟವಾದ ವರ್ಷ. ಜೂನ್ 15ರಂದು ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್‌ನ ಮಾರ್ಕೋನಿ ಕಾರ್ಖಾನೆಯಲ್ಲಿ 59 ವರ್ಷದ ಒಪೆರಾ ಗಾಯಕಿ ನೆಲ್ಲಿ ಮೆಲ್ಬಾ ಹಾಡಿದರು. ಟೆಲಿಫೋನಿನ ಮೈಕಿಗೆ ಸಿಗಾರ್ ಡಬ್ಬಿಯ ಮರದಿಂದ ಮಾಡಿದ ಕಹಳೆಯಂಥ ಬಾಯಿ, ಅಷ್ಟೇ ಸಲಕರಣೆ. ಅದು ರಂಗಮಂದಿರದ ಪ್ರಸಾರವಲ್ಲವಾದ್ದರಿಂದ ಅಲ್ಲಿ ಹೆಚ್ಚು ನಿಲ್ಲುವುದಿಲ್ಲ.

ಇನ್ನೊಂದು ಅದೇ ವರ್ಷದ ಆಗಸ್ಟ್ 27ರದ್ದು, ಬ್ಯೂನಸ್ ಐರಿಸ್‌ನ ತೆಯಾತ್ರೊ ಕೊಲಿಸಿಯೊ. ಎನ್ರಿಕೆ ಸುಸೀನಿ ಮತ್ತು ಅವರ ಮೂವರು ಗೆಳೆಯರು ರಂಗಮಂದಿರದ ತಾರಸಿ ಏರಿ ಕೇವಲ 5 ವ್ಯಾಟ್‌ನ ಟ್ರಾನ್ಸ್‌ಮಿಟರ್ ಜೋಡಿಸಿ ವಾಗ್ನರ್‌ನ 'ಪಾರ್ಸಿಫಾಲ್' ಪ್ರಸಾರ ಮಾಡಿದರು. ಆರ್ಕೆಸ್ಟ್ರಾ ನಡೆಸಿದವರು ಫೆಲಿಕ್ಸ್ ವೈನ್‌ಗಾರ್ಟ್ನರ್. ಊರಿನವರು ಈ ನಾಲ್ವರಿಗೆ "ತಾರಸಿಯ ಹುಚ್ಚರು" ಅಂತ ಹೆಸರಿಟ್ಟರು, ಇತಿಹಾಸದಲ್ಲೂ ಅದೇ ಹೆಸರು ನಿಂತಿತು. ಅವರು ಬಳಸಿದ್ದು ಕಿವಿ ಮಂದವಾದವರಿಗೆಂದು ತಯಾರಾಗಿದ್ದ ಮೈಕ್. ಈ ಆಯ್ಕೆಯಲ್ಲಿ ದೊಡ್ಡ ಬುದ್ಧಿವಂತಿಕೆ ಇದೆ. ಟೆಲಿಫೋನ್ ಮೈಕ್ ಹತ್ತಿರದ ಬಾಯಿಗಾಗಿ. ಕಿವುಡರ ಯಂತ್ರ ಕೋಣೆಯ ಆ ಮೂಲೆಯಲ್ಲಿ ಆಡಿದ ಮಾತನ್ನು ಹಿಡಿಯುವುದಕ್ಕಾಗಿ. ಒಪೆರಾಕ್ಕೆ ಬೇಕಾದದ್ದು ದೂರದಿಂದ ಕೇಳುವ ಕಿವಿ ಅನ್ನುವುದು ಆ ಹುಡುಗರಿಗೆ ಹೊಳೆದಿತ್ತು. ನೂರು ವರ್ಷದ ಮೇಲೂ ಬಹಳ ಜನ ಸೌಂಡ್‌ನವರಿಗೆ ಇದು ಹೊಳೆದಿಲ್ಲ ಅಂತ ನನಗನ್ನಿಸುತ್ತದೆ. ಒಪೆರಾ ಗಾಯಕಿ ಹಾಡುವುದು ಮೂರನೇ ಮಹಡಿಯ ಕೊನೆಯ ಸಾಲಿಗೆ. ಆ ದನಿ ಹಾಲಿನ ಗಾಳಿಯಲ್ಲಿ ಹರಡಿ, ಗೋಡೆಗೆ ತಾಗಿ ತಿರುಗಿ ಬಂದಾಗಲೇ ಪೂರ್ತಿಯಾಗುವುದು. ಬಾಯಿಯ ಮುಂದೆ ಮೈಕ್ ಇಟ್ಟರೆ ಅರ್ಧ ಕೆಲಸ ನಡೆಯುತ್ತಿರುವಾಗಲೇ ಕಿತ್ತುಕೊಂಡ ಹಾಗೆ.

ಬಿಬಿಸಿ ಶುರುವಾದದ್ದು 1922ರ ನವೆಂಬರ್‌ನಲ್ಲಿ. ಎರಡು ತಿಂಗಳು ತುಂಬುವ ಮೊದಲೇ, 1923ರ ಜನವರಿ 8ರಂದು, ಲಂಡನ್ನಿನ ಒಪೆರಾ ಮಂದಿರ ಕೋವೆಂಟ್ ಗಾರ್ಡನ್‌ನಿಂದ ಮೊತ್ಸಾರ್ಟ್‌ನ 'ಮ್ಯಾಜಿಕ್ ಫ್ಲೂಟ್' ಪ್ರಸಾರವಾಯಿತು. ಆಮೇಲೆ ಮೈಕ್ ಬದಲಾದ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. ಅದೇ ವರ್ಷ ಮಾರ್ಕೋನಿ ಕಂಪನಿಯ ಎಚ್. ಜೆ. ರೌಂಡ್ ಮ್ಯಾಗ್ನೆಟೊಫೋನ್ ಎಂಬ ಮೈಕನ್ನು ಪಳಗಿಸಿದರು. ಅದರಲ್ಲಿ ಇದ್ದಿಲಿಲ್ಲ. ಬಲವಾದ ವಿದ್ಯುತ್ಕಾಂತದ ಸಂದಿನಲ್ಲಿ ಹಗುರವಾದ ತಂತಿ ಸುರುಳಿ ಅಲುಗಾಡುತ್ತದೆ, ಅದರಿಂದಲೇ ಕರೆಂಟ್ ಹುಟ್ಟುತ್ತದೆ. ಆ ಸುರುಳಿಯನ್ನು ಅಲ್ಲಿ ನಿಲ್ಲಿಸಿದ್ದು ಹೇಗೆ ಗೊತ್ತೇ? ವ್ಯಾಸಲೀನ್ ಸವರಿದ ಹತ್ತಿಯ ಉಂಡೆಗಳಿಂದ. ಗಟ್ಟಿಯಾಗಿ ಬಿಗಿದರೆ ಅಲುಗುವುದಿಲ್ಲ, ಸುಮ್ಮನೆ ಬಿಟ್ಟರೆ ಅದರದೇ ಗುಂಗು ಸೇರಿಕೊಳ್ಳುತ್ತದೆ; ಜಿಡ್ಡು ಹತ್ತಿ ಎರಡಕ್ಕೂ ಮದ್ದು. ಇದನ್ನು ಚಕ್ರದ ಸ್ಟ್ಯಾಂಡಿನ ಮೇಲೆ ಜಾಲರಿ ಪೆಟ್ಟಿಗೆಯಲ್ಲಿ ತೂಗುಹಾಕುತ್ತಿದ್ದರು. ನೊಣ ಕೂರದಂತೆ ಮಾಂಸ ಇಡುವ ಜಾಲರಿ ಪೆಟ್ಟಿಗೆ ಅಲ್ಲಿನ ಅಡುಗೆಮನೆಗಳಲ್ಲಿ ಇರುತ್ತಿತ್ತು, ಬಿಬಿಸಿಯವರು ಮೈಕಿಗೂ ಅದೇ ಹೆಸರಿಟ್ಟರು. 1924ರ ಮೇ 19ರಂದು ಸರ್‍ರೇ ಜಿಲ್ಲೆಯ ತೋಟವೊಂದರಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಚೆಲ್ಲೊ ನುಡಿಸುವಾಗ ಮರದಲ್ಲಿದ್ದ ನೈಟಿಂಗೇಲ್ ಹಕ್ಕಿಯ ಉಲಿಯನ್ನು ನಾಡಿಗೆಲ್ಲ ಕೇಳಿಸಿದ್ದು ಈ ಮೈಕೇ. ಕತ್ತಲಲ್ಲಿ ದೂರದ ಮರದ ಹಕ್ಕಿಯನ್ನು ಹಿಡಿದ ಮೈಕನ್ನು "ಸರಿಯಿರಲಿಲ್ಲ" ಅನ್ನುವುದು ಹೇಗೆ?

ಜರ್ಮನಿಯಲ್ಲಿ ರೈಸ್ ಎಂಬಾತನ ಅಮೃತಶಿಲೆಯ ಗಟ್ಟಿಯೊಳಗಿನ ಕಾರ್ಬನ್ ಮೈಕ್, ಅಮೆರಿಕದಲ್ಲಿ ಇ. ಸಿ. ವೆಂಟೆ ಕಂಡುಹಿಡಿದ ಕಂಡೆನ್ಸರ್ ಮೈಕ್, 1928ರಲ್ಲಿ ಬರ್ಲಿನ್ನಿನ ಜಾರ್ಜ್ ನಾಯ್ಮನ್ ಮಾರುಕಟ್ಟೆಗೆ ತಂದ ಬಾಟಲಿ ಆಕಾರದ ಮೈಕ್, ಹೀಗೆ ಒಂದರ ಹಿಂದೊಂದು. 1930ರ ದಶಕದ ಆರಂಭಕ್ಕೆ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್‌ರ ರಿಬ್ಬನ್ ಮೈಕ್ ಬಂತು. ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ಪಟ್ಟಿ, ಅಯಸ್ಕಾಂತದ ನಡುವೆ ಸಡಿಲವಾಗಿ ನಿಂತದ್ದು. ಮುಂದಿನಿಂದ ಬಂದದ್ದು ಕೇಳುತ್ತದೆ, ಹಿಂದಿನಿಂದ ಬಂದದ್ದೂ ಕೇಳುತ್ತದೆ, ಎರಡು ಪಕ್ಕಕ್ಕೆ ಮಾತ್ರ ಕಿವುಡು. ಆ ಕಿವುಡು ಪಕ್ಕವನ್ನು ಬೇಡದ ಸದ್ದಿನ ಕಡೆಗೆ ತಿರುಗಿಸುವುದು ಎಂಜಿನಿಯರ್‌ಗಳ ಕೈಚಳಕವಾಯಿತು. ಈ ಮೈಕ್ 10,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ; ಹೆಚ್ಚಿದಷ್ಟೂ ಸ್ವರ ಮೇಲಕ್ಕೆ) ದಾಟಿಯೂ ಸಲೀಸಾಗಿ ಹಿಡಿಯುತ್ತಿತ್ತು. ಇವತ್ತಿಗೂ ಸ್ಟುಡಿಯೊದವರು 44 ಎಂಬ ಮಾದರಿಯ ಆ ಮೈಕನ್ನು ಹುಡುಕಿಕೊಂಡು ಹೋಗಿ ದೊಡ್ಡ ಬೆಲೆ ಕೊಡುತ್ತಾರೆ. ಹಳೆಯ ಮೈಕ್ ಕಳಪೆ ಅನ್ನುವವರು ಇದಕ್ಕೇನು ಹೇಳುತ್ತಾರೋ.

ಹಾಗಾದರೆ ಹಾಳಾದದ್ದೆಲ್ಲಿ? ರಂಗಮಂದಿರದಿಂದ ಸ್ಟೇಶನ್ನಿಗೆ ಹೋಗುವ ಟೆಲಿಫೋನ್ ಲೈನಿನಲ್ಲಿ. ಮಾಮೂಲಿ ಲೈನ್ 3,000 ಹರ್ಟ್ಸ್ ಆಸುಪಾಸಿಗೇ ಕೈಚೆಲ್ಲುತ್ತದೆ. ಸಂಗೀತಕ್ಕೆಂದು ವಿಶೇಷವಾಗಿ ಸಮತೋಲನ ಮಾಡಿದ ದೂರದ ಲೈನ್‌ಗಳೂ 5,000ದ ಸುತ್ತಮುತ್ತ ನಿಲ್ಲುತ್ತಿದ್ದವು. ತುಂಬಿದ ಕೊಡವನ್ನು ಸಣ್ಣ ಬಾಯಿಯ ಶೀಷೆಗೆ ಬಗ್ಗಿಸಿದ ಹಾಗೆ ಆಯಿತು. ಆಮೇಲೆ ಎಎಮ್ ಪ್ರಸಾರದ ಮಿಂಚು ಗುಡುಗಿನ ಗಲಾಟೆ, ಮನೆಯ ರೇಡಿಯೊ ಸೆಟ್ಟು. ಕೊನೆಗೆ ಅದನ್ನು ಹಿಡಿದಿಟ್ಟ ಅಲ್ಯೂಮಿನಿಯಂ ತಟ್ಟೆ, 1934ರಿಂದ ಈಚೆಗೆ ಲ್ಯಾಕರ್ ಎಂಬ ಮೆರುಗೆಣ್ಣೆ ಬಳಿದ ಡಿಸ್ಕು. ನಾವು ಇಂದು ಕೇಳುವ ಕರಕರ, ಟಪಟಪ, ಸುಯ್ ಎಲ್ಲ ಬಹುಪಾಲು ಆ ಡಿಸ್ಕಿನದು. ಮೈಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ಈ 5,000 ಹರ್ಟ್ಸ್ ಬೇಲಿ ಯಾರಿಗೆ ಎಷ್ಟು ಪೆಟ್ಟು ಕೊಟ್ಟಿತು ಅನ್ನುವುದನ್ನು ಲೆಕ್ಕ ಹಾಕಿದರೆ ಹಳೆಯ ಪ್ರಸಾರಗಳ ಅರ್ಧ ಗುಟ್ಟು ಬಯಲಾಗುತ್ತದೆ. ಭಾರೀ ಕಂಠದ ಬಾಸ್ ಗಾಯಕ 100 ಹರ್ಟ್ಸ್‌ನ ಸ್ವರ ಹಾಡಿದರೆ ಅದರ ಮೇಲಿನ ಉಪಸ್ವರಗಳು 200, 300, 400 ಹೀಗೆ ಸಾಗಿ ಬೇಲಿಯೊಳಗೆ ಒಟ್ಟು ಐವತ್ತು ಉಳಿಯುತ್ತವೆ. ಸೊಪ್ರಾನೊ, ಅಂದರೆ ಅತಿ ಎತ್ತರದ ಕಂಠದ ಗಾಯಕಿ, ತಾರಸ್ಥಾಯಿಯ ತುದಿಗೆ, ಸುಮಾರು 1,046 ಹರ್ಟ್ಸ್‌ಗೆ, ಏರಿದರೆ ಅವಳ ಪಾಲಿಗೆ ಉಳಿಯುವುದು ನಾಲ್ಕು. ಕಂಠದ ಬಣ್ಣ ಇರುವುದೇ ಈ ಉಪಸ್ವರಗಳಲ್ಲಿ. ಅದಕ್ಕೇ ಹಳೆಯ ಪ್ರಸಾರಗಳಲ್ಲಿ ಬಾಸ್, ಅದಕ್ಕಿಂತ ತುಸು ಮೇಲಿನ ಬ್ಯಾರಿಟೋನ್‌ಗಳು ಎದ್ದು ಬಂದ ಹಾಗೆ ಕೇಳಿಸುತ್ತವೆ, ಸೊಪ್ರಾನೊಗಳೆಲ್ಲ ಮೇಲಿನ ಸ್ವರದಲ್ಲಿ ಅಕ್ಕತಂಗಿಯರ ಹಾಗೆ ಕೇಳಿಸುತ್ತಾರೆ. "ಸ"ಕಾರದ ಚೂಪು ಇರುವುದು 5,000ಕ್ಕಿಂತ ಮೇಲೆ, ಹಾಗಾಗಿ ಪದಗಳೂ ಮಸುಕು.

ಇಷ್ಟಾದರೂ ಗಾಯಕರು ಆರ್ಕೆಸ್ಟ್ರಾದಲ್ಲಿ ಮುಳುಗಿ ಹೋಗಲಿಲ್ಲ. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರಿ ಎಂಬ ವಿಜ್ಞಾನಿ ಬಹಳ ಕಾಲದ ಮೇಲೆ ಇದರ ಕಾರಣ ಬಿಡಿಸಿ ತೋರಿಸಿದರು. ತರಬೇತಾದ ಒಪೆರಾ ಕಂಠ, ಅದರಲ್ಲೂ ಗಂಡು ಕಂಠ, 3,000 ಹರ್ಟ್ಸ್ ಆಸುಪಾಸಿನಲ್ಲಿ ಶಕ್ತಿಯನ್ನು ಒಟ್ಟುಗೂಡಿಸುತ್ತದೆ. ಆರ್ಕೆಸ್ಟ್ರಾದ ಬಲ ಇರುವುದು 500ರ ಸುತ್ತ, ಮೇಲೇರಿದಂತೆ ಇಳಿಯುತ್ತದೆ. ಮೈಕಿಲ್ಲದ ಹಾಲಿನಲ್ಲಿ ಆರ್ಕೆಸ್ಟ್ರಾವನ್ನು ಸೀಳಿಕೊಂಡು ಬರಲು ತಲೆಮಾರುಗಳಿಂದ ರೂಢಿಸಿಕೊಂಡ ವಿದ್ಯೆ ಅದು. ಆ 3,000 ಹರ್ಟ್ಸ್ ಬಡಪಾಯಿ ಟೆಲಿಫೋನ್ ಲೈನಿನೊಳಗೂ ಹಿಡಿಸುತ್ತಿತ್ತು! ಯಾವ ವಿದ್ಯೆ ಮೂರನೇ ಮಹಡಿಯನ್ನು ತಲುಪಲೆಂದು ಬಂತೋ ಅದೇ ವಿದ್ಯೆ ಅಟ್ಲಾಂಟಿಕ್ ದಾಟಲೂ ಒದಗಿತು. 1931ರ ಆಗಸ್ಟ್ 18ರಂದು ಜರ್ಮನಿಯ ಬೈರಾಯ್ಟ್‌ನಿಂದ ಫುರ್ಟ್‌ವೆಂಗ್ಲರ್ ಆರ್ಕೆಸ್ಟ್ರಾ ನಡೆಸಿದ ವಾಗ್ನರ್‌ನ 'ಟ್ರಿಸ್ಟಾನ್' ಖಂಡಾಂತರಗಳ ಸುಮಾರು 200 ಸ್ಟೇಶನ್‌ಗಳಲ್ಲಿ ಪ್ರಸಾರವಾದಾಗಲೂ ಕೇಳುಗರ ಕೈಹಿಡಿದದ್ದು ಇದೇ.

ಮೈಕಿಗಿಂತ ದೊಡ್ಡ ಪಾತ್ರ ಇನ್ನೊಬ್ಬರದಿದೆ. ಸದ್ದನ್ನು ಏರಿಸಿ ಇಳಿಸುವ ಗುಬುಟು ಹಿಡಿದು ಕೂತ ಎಂಜಿನಿಯರ್.

ಮೆಟ್ರೊಪಾಲಿಟನ್‌ನ ಮುಖ್ಯಸ್ಥ ಜೂಲಿಯೊ ಗಾತ್ತಿ-ಕಸಾತ್ಸಾ ವರ್ಷಗಟ್ಟಲೆ ರೇಡಿಯೊವನ್ನು ಹತ್ತಿರ ಸೇರಿಸಿರಲಿಲ್ಲ. ಅದರ ಧ್ವನಿಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಆರ್ಥಿಕ ಕುಸಿತ ಬಂದು ಟಿಕೆಟ್ ಮಾರಾಟ ಬಿದ್ದಾಗ ರೇಡಿಯೊ ಕಂಪನಿ ಎನ್‌ಬಿಸಿಯ ಹಣ ಬೇಕಾಯಿತು. 1931ರ ಕ್ರಿಸ್‌ಮಸ್ ದಿನ 'ಹೆನ್ಸೆಲ್ ಉಂಟ್ ಗ್ರೇಟೆಲ್' ಪೂರ್ತಿಯಾಗಿ ಪ್ರಸಾರವಾಯಿತು. ನಿರೂಪಕ ಮಿಲ್ಟನ್ ಕ್ರಾಸ್, ವಿವರಣೆಗೆ ಡೀಮ್ಸ್ ಟೇಲರ್. ಟೇಲರ್ ಸಂಗೀತ ನಡೆಯುತ್ತಿರುವಾಗಲೇ ಕಥೆ ಹೇಳುತ್ತಾ ಹೋದರು, ಕೇಳುಗರು ರೇಗಿ ದೂರು ಕಳಿಸಿದರು. ಕೇಳುಗರೇ ಸರಿ.

ಪಿಸುದನಿಯಿಂದ ಹಿಡಿದು ಇಡೀ ಆರ್ಕೆಸ್ಟ್ರಾ ಮೊರೆಯುವವರೆಗೆ ಒಪೆರಾದಲ್ಲಿ 60-70 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಅಂತರವಿರುತ್ತದೆ. ಆಗಿನ ಲೈನು, ಟ್ರಾನ್ಸ್‌ಮಿಟರು ಸೇರಿ ತಾಳುತ್ತಿದ್ದದ್ದು 40ರ ಆಚೀಚೆ. ಮೆಲುದನಿ ಇನ್ನೂ ಮೆಲ್ಲಗಾದರೆ ಸದ್ದಿನಲ್ಲಿ ಕಳೆದುಹೋಗುತ್ತದೆ, ಅಬ್ಬರ ಹೆಚ್ಚಾದರೆ ಟ್ರಾನ್ಸ್‌ಮಿಟರ್ ಒದರುತ್ತದೆ. ಆದ್ದರಿಂದ ಒಬ್ಬರು ಸ್ವರಲಿಪಿ ಮುಂದಿಟ್ಟುಕೊಂಡು, ಅಬ್ಬರ ಬರುವ ಮೊದಲೇ ಸದ್ದಿಲ್ಲದೆ ಇಳಿಸಿ, ಮೆಲುದನಿಗೆ ಮೊದಲೇ ಏರಿಸಿ ಕೂರಬೇಕು. ಸಂಗೀತ ಓದಲು ಬಾರದವರಿಂದ ಆಗುವ ಕೆಲಸವಲ್ಲ. ಒಳ್ಳೆಯವರ ಕೈಯಲ್ಲಿ ಅದು ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಪ್ರಸಾರಗಳಲ್ಲಿ ಆರ್ಕೆಸ್ಟ್ರಾದ ದೊಡ್ಡ ಶಿಖರವೊಂದು ಬರುವ ಹೊತ್ತಿಗೆ ಎಲ್ಲವೂ ಕುಗ್ಗಿದಂತೆ ಅನ್ನಿಸಿದರೆ, ಬೈಯಬೇಕಾದದ್ದು ಆ ಗುಬುಟನ್ನು. ಗಾಯಕ ಆರ್ಕೆಸ್ಟ್ರಾಗಿಂತ ದೊಡ್ಡದಾಗಿ ಕೇಳಿಸಿದರೂ ಅಷ್ಟೇ. "ಆ ಕಾಲದವರ ಕಂಠ ಎಂಥಾ ಗಾತ್ರ!" ಎಂದು ಪ್ರಸಾರ ಕೇಳಿ ತೀರ್ಪು ಕೊಡುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಈಗ ಒಂದು ಪ್ರಸಾರವನ್ನು ಹತ್ತಿರದಿಂದ ನೋಡೋಣ. 1935ರ ಫೆಬ್ರವರಿ 2, ಶನಿವಾರ ಮಧ್ಯಾಹ್ನ, ಮೆಟ್ರೊಪಾಲಿಟನ್‌ನಲ್ಲಿ ವಾಗ್ನರ್‌ನ 'ಡಿ ವಾಲ್ಕ್ಯೂರ'. ನಾರ್ವೆಯ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅಲ್ಲಿ ಮೊದಲ ಸಲ ಹಾಡಿದ ದಿನ. ಜೊತೆಗಾಯಕ ಪಾಲ್ ಆಲ್ಟ್‌ಹೌಸ್, ಆರ್ಕೆಸ್ಟ್ರಾ ಆರ್ಟುರ್ ಬೊಡಾಂಟ್ಸ್ಕಿಯವರದು. ವಿರಾಮದಲ್ಲಿ ಮಾತನಾಡಬೇಕಿದ್ದ ಹಿಂದಿನ ತಲೆಮಾರಿನ ತಾರೆ ಜೆರಾಲ್ಡಿನ್ ಫಾರಾರ್ ಬರೆದು ತಂದಿದ್ದ ಹಾಳೆಯನ್ನು ಪಕ್ಕಕ್ಕಿಟ್ಟು, ಹೊಸ ತಾರೆಯೊಬ್ಬಳು ಹುಟ್ಟಿದಳು ಎಂದು ಕೇಳುಗರಿಗೆ ಹೇಳಿದರಂತೆ. ಮೊದಲ ಅಂಕದ ಧ್ವನಿ ಉಳಿದಿದೆ. ಹೆಡ್‌ಫೋನ್ ಹಾಕಿ ಕೇಳಿ. ಕರಕರ ಮೊದಲ ಐದು ನಿಮಿಷ ಕಾಡುತ್ತದೆ, ಆಮೇಲೆ ಕಿವಿಯೇ ಅದನ್ನು ಪಕ್ಕಕ್ಕೆ ಸರಿಸುತ್ತದೆ. ಅವಳು ನಡುಸ್ಥಾಯಿಯಲ್ಲಿ ಹಾಡುವಾಗ ದನಿ ಒಂದು ಕ್ಷಣ ತಡವಾಗಿ ಅರಳುತ್ತದಲ್ಲ, ಅದು ಹಾಲಿನ ಗೋಡೆಗಳ ಉತ್ತರ. ಅವಳು ಮುಖ ತಿರುಗಿಸಿದಾಗ ದನಿ ತೆಳುವಾಗುತ್ತದೆ, ಮುಂದೆ ಬಂದಾಗ ತುಂಬುತ್ತದೆ. ಸ್ವರ ಮುಗಿದ ಮೇಲೂ ಒಂದಿಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ.

ಇದನ್ನೇ ಎಐ ಹಾಕಿ ತೊಳೆದ ಆವೃತ್ತಿಯನ್ನೂ ನಾನು ಕೇಳಿದ್ದೇನೆ. ಸ್ವರದ ಬಾಲ ಕತ್ತರಿಸಿ ಹೋಗಿದೆ. ಕಾರಣ ಸರಳ. ಸುಯ್ ಸದ್ದು, ಕಂಠದ ಮೇಲಿನ ಉಪಸ್ವರ, ವ್ಯಂಜನಗಳ ಉಸಿರು, ಹಾಲಿನ ಅನುರಣನ, ಇವೆಲ್ಲ ಇರುವುದು ಒಂದೇ ಜಾಗದಲ್ಲಿ. ಯಂತ್ರ ಸುಯ್ ತೆಗೆಯುವಾಗ ಅವನ್ನೂ ತೆಗೆಯುತ್ತದೆ. ಉಳಿಯುವುದು ಹಾಲಿಲ್ಲದ, ಉಸಿರಿಲ್ಲದ ಮೇಣದ ದನಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಕಳೆದುಹೋದ ಮೇಲಿನ ಸ್ವರಗಳನ್ನು ಯಂತ್ರವೇ ಊಹಿಸಿ ತುಂಬುವುದು. 5,000 ಹರ್ಟ್ಸ್‌ನ ಲೈನ್ ದಾಟಿ ಬಾರದ್ದನ್ನು ಯಾರೂ ವಾಪಸ್ ತರಲಾರರು. ತುಂಬಿದ್ದು ಫ್ಲಾಗ್‌ಸ್ಟಾಡ್ ಕಂಠವಲ್ಲ, ಯಂತ್ರ ಕಲಿತ ಬೇರೆ ಯಾರದೋ ಕಂಠ. ಅದಕ್ಕೆ ಅವಳ ಹೆಸರು ಅಂಟಿಸುವುದು ಅನ್ಯಾಯ.

ಯಾವ ರಿಪೇರಿಯೂ ಬೇಡ ಅನ್ನುತ್ತಿಲ್ಲ. ವೇಗ ಸರಿಮಾಡುವುದು ಬೇಕೇ ಬೇಕು. ಆಗಿನ ಡಿಸ್ಕ್‌ಗಳು ಒಂದೇ ವೇಗದಲ್ಲಿ ಓಡುತ್ತಿರಲಿಲ್ಲ. ಅರ್ಧ ಸ್ವರ ಏರಿದರೂ ಕಂಠ ಬೇರೆಯವರದಾಗುತ್ತದೆ. ಒಳ್ಳೆಯ ತಜ್ಞರು ಧ್ವನಿಯ ತಳದಲ್ಲಿರುವ ವಿದ್ಯುತ್ ಸರಬರಾಜಿನ ಗುಂಯ್ ಸದ್ದನ್ನು ಹುಡುಕಿ, ಅಮೆರಿಕದಲ್ಲಾದರೆ ಅದು 60 ಹರ್ಟ್ಸ್ ಆಗಿರಬೇಕು ಎಂಬ ಆಧಾರದ ಮೇಲೆ ವೇಗ ನಿಗದಿ ಮಾಡುತ್ತಾರೆ. ಡಿಸ್ಕ್ ಬದಲಾಯಿಸಿದ ಕಡೆ ಹೊಲಿಗೆ ಹಾಕುತ್ತಾರೆ, ದೊಡ್ಡ ಟಪ್ ಸದ್ದುಗಳನ್ನು ಒಂದೊಂದಾಗಿ ಕೈಯಿಂದ ಆರಿಸುತ್ತಾರೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಈ ಶ್ರಮದ ಪಕ್ಕದಲ್ಲಿ ಒಂದು ಬಟನ್ ಒತ್ತಿದ್ದನ್ನು ಇಟ್ಟು "ಇದೇ ಚೆನ್ನಾಗಿದೆ" ಅನ್ನುವವರನ್ನು ಕಂಡಾಗ ಸಂಕಟವಾಗುತ್ತದೆ.

ಕೊನೆಗೆ ನಮ್ಮ ಮೈಸೂರಿನ ಮಾತು. ಅದೇ ಫ್ಲಾಗ್‌ಸ್ಟಾಡ್ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಅದೇ ಫುರ್ಟ್‌ವೆಂಗ್ಲರ್ ಮುಂದಾಳತ್ವದಲ್ಲಿ, ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್‌ರ ಕೊನೆಯ ನಾಲ್ಕು ಹಾಡುಗಳನ್ನು ಜಗತ್ತಿನಲ್ಲೇ ಮೊದಲ ಬಾರಿಗೆ ಹಾಡಿದರು. ಸ್ಟ್ರೌಸ್ ತೀರಿಕೊಂಡು ವರ್ಷವೂ ತುಂಬಿರಲಿಲ್ಲ. ಆ ಕಛೇರಿಗೆ 4,800 ಡಾಲರ್ ಖಾತರಿ ನಿಂತವರು ಜಯಚಾಮರಾಜ ಒಡೆಯರ್. ಅವರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು ಅನ್ನುವುದು ಅವರ ಬೇಡಿಕೆ. ಅರಮನೆಯ ಸಂಗ್ರಹದಲ್ಲಿ ಆಗಲೇ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು. ಆ ಧ್ವನಿಮುದ್ರಣ ಈಗ ಎಲ್ಲರಿಗೂ ಸಿಗುತ್ತದೆ, ಮತ್ತು ಧ್ವನಿ ಬಹಳ ಒರಟು. ಮೈಕ್ ಪ್ರೌಢವಾಗಿ ಇಪ್ಪತ್ತು ವರ್ಷವಾಗಿತ್ತು, ಡಿಸ್ಕ್ ಮಾತ್ರ ಇನ್ನೂ ಸವೆಯುವ, ಸಿಪ್ಪೆ ಏಳುವ ಡಿಸ್ಕೇ ಆಗಿತ್ತು.

ಆ ಮುದ್ರಣವನ್ನೂ ಯಾರಾದರೂ ಎಐಗೆ ಹಾಕಿ ಹೊಳಪು ಕೊಟ್ಟಿದ್ದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಹಂಚಬೇಡಿ, ಒರಟು ಆವೃತ್ತಿಯನ್ನೇ ಹಂಚಿ. ಅರಮನೆಯ ರೆಕಾರ್ಡುಗಳನ್ನು ಕೇಳಿಸಿಕೊಂಡ, ಆ ಗ್ರಾಮಫೋನುಗಳನ್ನು ನೋಡಿಕೊಂಡ ಹಿರಿಯರು ಮೈಸೂರಿನ ಯಾವುದಾದರೂ ಮನೆಯಲ್ಲಿದ್ದರೆ, ಅವರಿಗೆ ನೆನಪಿರುವುದನ್ನು ಕೇಳಿ ಬರೆದು ಇಲ್ಲಿ ಹಾಕಿ. ಯಾವ ಯಂತ್ರ, ಯಾವ ಕೋಣೆ, ಹೇಗೆ ಕೇಳಿಸುತ್ತಿತ್ತು, ಎಲ್ಲವೂ ಬೇಕು.